ಖಾಜಾಸಾಬರು ಮಾಡಿಕೊಟ್ಟ ಎರಡು ಸೀಲು

ನಾನು ಕೆಲಸ ಮಾಡಿದ ಲ್ಯಾಬಿನವರು ಫೋನ್ ಮಾಡಿ, ಹೊಸದಾಗಿ ಸೇರುವವರಿಗಾಗಿ ನಾಲ್ಕು ಮಾತು ಬರೆದುಕೊಡಿ ಎಂದು ಕೇಳಿದರು. "ಸ್ಫೂರ್ತಿ ಬರೋ ಹಾಗಿರಲಿ ಮೇಡಂ" ಎಂದೂ ಸೇರಿಸಿದರು. ಮೂವತ್ತು ವರ್ಷ ಊರವರ ರಕ್ತ, ಮೂತ್ರ, ಕಫ ನೋಡಿಕೊಂಡು ಬಂದವಳಿಂದ ಸ್ಫೂರ್ತಿ ಎಷ್ಟು ಮಿಲಿ ಸಿಗುತ್ತದೋ ಗೊತ್ತಿಲ್ಲ. ಇದ್ದಷ್ಟು ಕೊಡುತ್ತೇನೆ. ಸಾಲದಿದ್ದರೆ ಇನ್ನೊಂದು ಕೈಗೆ ಚುಚ್ಚಿ ನೋಡಿ.

ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಅಕ್ಕ ಹಾಲಮ್ಮ ತೀರಿಕೊಂಡು ಎರಡು ವರ್ಷವಾಗುತ್ತ ಬಂತು. ಅವಳ ಸಾವಿನಲ್ಲಿ ನಾನು ತುಂಬಿದ ಒಂದು ಫಾರಂಗೆ ಪಾಲಿದೆ. ಅವಳ ಮಗ ಕೊಟ್ರೇಶ, ತನ್ನ ಜಗಳದಿಂದಲೇ ಅವ್ವನಿಗೆ ಟೆನ್ಷನ್ ಆಗಿ ಸತ್ತಳು ಎಂದು ನಂಬಿಕೊಂಡಿದ್ದ. ನಾನು ನಂಬಲು ಬಿಟ್ಟಿದ್ದೆ. ಈ ಬರಹ ನಿಮ್ಮ ಕೈಗೆ ಬರುವ ಮೊದಲು ಅವನಿಗೆ ನಿಜ ಹೇಳಬೇಕಿತ್ತು. ಅದಕ್ಕೇ ಇದು ಇಷ್ಟು ತಡವಾಯಿತು.

ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಎದುರು ನಮ್ಮ ಮಾಲೀಕರು ವೀರಣ್ಣನವರು ಲ್ಯಾಬ್ ತೆರೆದಾಗ ಅಲ್ಲಿದ್ದದ್ದು ಒಂದು ಸೂಕ್ಷ್ಮದರ್ಶಕ, ಒಂದು ಸ್ಪಿರಿಟ್ ದೀಪ ಮತ್ತು ನಾನು. ಮೂರರಲ್ಲಿ ದೀಪ ಮಾತ್ರ ಹೇಳಿದ ಮಾತು ಕೇಳುತ್ತಿತ್ತು. ಮಲೇರಿಯಾ ಇದೆಯೋ ಇಲ್ಲವೋ, ಸಕ್ಕರೆ ಇದೆಯೋ ಇಲ್ಲವೋ, ಹೆಂಗಸು ಬಸುರಿಯೋ ಅಲ್ಲವೋ. ಊರಿನ ಪ್ರಶ್ನೆಗಳು ಅಷ್ಟೇ ಇದ್ದವು. ಆಮೇಲೆ ದೊಡ್ಡ ಊರಿನ ಕಂಪನಿಯೊಂದು ಬಂದು ನಮ್ಮನ್ನು ತನ್ನ ಕಲೆಕ್ಷನ್ ಸೆಂಟರ್ ಮಾಡಿಕೊಂಡಿತು. ನಾವು ರಕ್ತ ತೆಗೆದು ಐಸ್ ಪೆಟ್ಟಿಗೆಯಲ್ಲಿಟ್ಟು ಕಳಿಸುವುದು, ಅವರು ಅಲ್ಲಿ ನೋಡಿ ರಿಪೋರ್ಟ್ ಕಳಿಸುವುದು. ಕಂಪನಿಯ ಜೊತೆ ನೂರಾರು ಹೊಸ ಪರೀಕ್ಷೆಗಳೂ ಬಂದವು. ಅದರಲ್ಲಿ ಒಂದು ಕಾರ್ಟಿಸಾಲ್.

ಪುಸ್ತಕದಲ್ಲಿ ನೀವು ಓದಿರುತ್ತೀರಿ, ಆದರೂ ಹೇಳುತ್ತೇನೆ. ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯ ಹಾಗೆ ಎರಡು ಸಣ್ಣ ಗ್ರಂಥಿಗಳಿವೆ. ಹೆದರಿಕೆ, ಸಿಟ್ಟು, ಜ್ವರ, ನೋವು ಏನು ಬಂದರೂ ಅವು ಈ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಬೆಳಿಗ್ಗೆ ಏಳುವ ಹೊತ್ತಿಗೆ ಹೆಚ್ಚು, ಸಂಜೆಯಾಗುತ್ತ ಕಡಿಮೆ. ಬಹಳ ಕಾಲ ಹೆಚ್ಚಿದ್ದರೆ ಬಿಪಿ, ಸಕ್ಕರೆ ಏರುತ್ತವೆ, ಮೂಳೆ ಟೊಳ್ಳಾಗುತ್ತದೆ, ಚರ್ಮ ತೆಳ್ಳಗಾಗುತ್ತದೆ, ಮುಖ ದುಂಡಗಾಗುತ್ತದೆ. ತೀರಾ ಕಡಿಮೆಯಾದರೆ ಎದ್ದು ನಿಲ್ಲಲು ಆಗುವುದಿಲ್ಲ, ಊಟ ಸೇರುವುದಿಲ್ಲ, ಸಣ್ಣ ಜ್ವರವೂ ಜೀವ ತೆಗೆಯಬಹುದು. ಒತ್ತಡದ ಹಾರ್ಮೋನು ಎಂದು ಪತ್ರಿಕೆಯವರು ಹೆಸರಿಟ್ಟರು. ನಮ್ಮ ಜನ ಅದನ್ನು ಟೆನ್ಷನ್ ಟೆಸ್ಟ್ ಮಾಡಿಕೊಂಡರು.

ಮೊದಲ ಟೆನ್ಷನ್ ಟೆಸ್ಟಿಗೆ ಬಂದವರು ಹರಪನಹಳ್ಳಿ ಕಡೆಯ ಒಬ್ಬ ಹೆಡ್‌ಮಾಸ್ತರರು. ಬಸ್ಸಿನ ಹಿಂದೆ ಓಡಿ ಹತ್ತಿ, ಸೀಟಿಗಾಗಿ ಕಂಡಕ್ಟರನ ಜೊತೆ ಜಗಳವಾಡಿ, ಇಳಿದವರೇ ನೇರ ನನ್ನ ಮುಂದೆ ಕೂತು ತೋಳು ಚಾಚಿದರು. ನಾನೂ ಹೊಸ ಪರೀಕ್ಷೆ ಎಂಬ ಗಾಬರಿಯಲ್ಲಿ ಮೂರು ಸಲ ಚುಚ್ಚಿದ ಮೇಲೆ ನರ ಸಿಕ್ಕಿತು. ರಿಪೋರ್ಟ್ ಬಂತು: ಹೆಚ್ಚು. ಮಾಸ್ತರರ ಮುಖದಲ್ಲಿ ನಾನು ಅಂಥ ಸಂತೋಷ ನೋಡಿರಲಿಲ್ಲ. ರಿಪೋರ್ಟನ್ನು ಮಡಚಿ ಎದೆಯ ಜೇಬಿನಲ್ಲಿಟ್ಟುಕೊಂಡು ಹೋದರು. ಹದಿನೈದು ದಿನದ ಮೇಲೆ ಡಾಕ್ಟರು ಮತ್ತೆ ಕಳಿಸಿದರು. ಈ ಸಲ ಅರ್ಧ ಗಂಟೆ ಸುಮ್ಮನೆ ಕೂರಿಸಿ, ಒಂದೇ ಸಲಕ್ಕೆ ತೆಗೆದೆ. ಎಲ್ಲ ಸರಿಯಾಗಿತ್ತು.

"ಹಂಗಾರ ಮೊದ್ಲಿಂದು?" ಎಂದು ಕೇಳಿದರು.

"ಅದರಾಗ ಕಂಡಕ್ಟರಂದು ಸ್ವಲ್ಪ, ನಂದು ಸ್ವಲ್ಪ ಸೇರಿತ್ತು ಸರ್."

"ಏನ್ ಹೇಳ್ತೀ ತಾಯಿ! ಹದಿನೈದು ದಿನ ಆತು, ಮನ್ಯಾಗ ಎಲ್ರೂ ನನ್ ಮುಂದ ಮೆಲ್ಲಕ ಮಾತಾಡಾಕ ಹತ್ಯಾರ. ಈಗ ಹೋಗಿ ನಾ ಆರಾಮ್ ಅದೀನಿ ಅಂತ ಹೆಂಗ ಹೇಳ್ಲಿ?"

ಎರಡನೆಯ ರಿಪೋರ್ಟನ್ನು ಅವರು ತೆಗೆದುಕೊಂಡು ಹೋಗಲೇ ಇಲ್ಲ. ಇದು ಮೊದಲ ಪಾಠ: ರಕ್ತ ತೆಗೆಯುವ ಮುಂಚೆ ಮನುಷ್ಯನನ್ನು ಕೂರಿಸಿ. ಪಾಠ ಕಲಿತೆನೇ ಎಂದರೆ, ಒಂದು ವಾರ ಕಲಿತಿದ್ದೆ.

ಎರಡನೆಯದು ಗಡಿಯಾರದ ಪಾಠ. ಈ ಪರೀಕ್ಷೆಯ ರಕ್ತವನ್ನು ಬೆಳಿಗ್ಗೆ ಎಂಟರ ಸುಮಾರಿಗೆ ತೆಗೆಯಬೇಕು. ಎಂಟಕ್ಕೆ ಹಗರಿಬೊಮ್ಮನಹಳ್ಳಿಯಲ್ಲಿ ಇರಬೇಕೆಂದರೆ ಹಡಗಲಿಯವರು, ಕೊಟ್ಟೂರಿನವರು ಯಾವ ಬಸ್ಸು ಹಿಡಿಯಬೇಕೆಂದು ಕಂಪನಿ ಯೋಚಿಸಿರಲಿಲ್ಲ. ಜನ ಒಂಬತ್ತಕ್ಕೆ ಬರುತ್ತಿದ್ದರು, ಒಂಬತ್ತೂವರೆಗೆ ಬರುತ್ತಿದ್ದರು. ಪೆಟ್ಟಿಗೆ ಒಯ್ಯುವ ಗಾಡಿ ಹತ್ತಕ್ಕೆ ಹೊರಡುತ್ತಿತ್ತು. ನಾನು ಮೊದಮೊದಲು ನಿಜವಾದ ವೇಳೆ ಬರೆದು ಕಳಿಸಿದೆ. ಕಂಪನಿಯ ಮ್ಯಾನೇಜರು ಫೋನಿನಲ್ಲಿ, "ಒಂಬತ್ತು ಮುಕ್ಕಾಲು ಅಂತ ಬರೆದ್ರೆ ಸ್ಯಾಂಪಲ್ ವಾಪಸ್ ಬರುತ್ತೆ. ವಾಪಸ್ ಬಂದ್ರೆ ನಿಮ್ಮ ಸೆಂಟರಿಗೆ ಕೆಂಪು ಗುರುತು ಬೀಳುತ್ತೆ. ನೋಡಿಕೊಳ್ಳಿ" ಎಂದರು. ನೋಡಿಕೊಳ್ಳಿ ಎಂದರೆ ಏನು ಮಾಡಬೇಕೆಂದು ಮೇಲಿನವರು ಯಾವತ್ತೂ ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕೇ ಅವರು ಮೇಲಿರುತ್ತಾರೆ.

ವೀರಣ್ಣನವರು ನೋಡಿಕೊಂಡರು. ಬಸ್ ನಿಲ್ದಾಣದ ಪಕ್ಕ ಗಡಿಯಾರ ರಿಪೇರಿ ಮಾಡುವ ಖಾಜಾಸಾಬರು ರಬ್ಬರ್ ಸೀಲನ್ನೂ ಮಾಡುತ್ತಿದ್ದರು. ಅವರ ಬಳಿ ಎರಡು ಸೀಲು ಮಾಡಿಸಲು ನನ್ನನ್ನೇ ಕಳಿಸಿದರು. ಒಂದರಲ್ಲಿ 'ವೇಳೆ: ಬೆಳಿಗ್ಗೆ 8.00'. ಇನ್ನೊಂದರಲ್ಲಿ 'ಔಷಧಿ: ಇಲ್ಲ'. ಫಾರಂನಲ್ಲಿ ರೋಗಿ ಏನೇನು ಔಷಧಿ ತೆಗೆದುಕೊಳ್ಳುತ್ತಾರೆ ಎಂಬ ಕಾಲಂ ಇತ್ತು. ಕೇಳಿದರೆ ಹತ್ತರಲ್ಲಿ ಎಂಟು ಜನ ಇಲ್ಲ ಎನ್ನುತ್ತಿದ್ದರು. ಎಂಟು ಜನಕ್ಕೆ ಇಲ್ಲ ಎಂದು ಕೈಯಲ್ಲಿ ಬರೆಯುವುದು ವೀರಣ್ಣನವರ ಪ್ರಕಾರ ದಂಡದ ಕೆಲಸ.

ಖಾಜಾಸಾಬರು ಚೀಟಿ ಓದಿ ಕನ್ನಡಕ ಹಣೆಗೆ ಏರಿಸಿದರು.

"ತಂಗಿ, ಬಂದವ್ರಿಗೆಲ್ಲಾ ಒಂದ ಟೈಮಾ?"

"ಹೌದ್ರಿ ಅಣ್ಣಾ. ಕಂಪನಿ ರೂಲು."

"ನಿಂತ ಗಡಿಯಾರ ನಡಸೋದು ನನ್ ಕೆಲ್ಸ. ನೀವು ನಡಿಯೋ ಗಡಿಯಾರ ನಿಲ್ಲಸಾಕ ಹೊಂಟೀರಲ್ಲ! ಆತು, ಸಂಜಿಗೆ ಬಾ, ಮಾಡಿ ಇಟ್ಟಿರ್ತೀನಿ."

ಆವತ್ತಿನಿಂದ ನಮ್ಮ ಲ್ಯಾಬಿನಲ್ಲಿ ಬೆಳಗಿನ ಎಂಟು ಗಂಟೆ ಎರಡು ತಾಸು ಹೊತ್ತು ಇರುತ್ತಿತ್ತು. ಮಧ್ಯಾಹ್ನ ಚಹಾ ಕುಡಿಯುತ್ತ ಮರುದಿನದ ಫಾರಂಗಳಿಗೆ ಎರಡೂ ಸೀಲು ಹೊಡೆದು ಜೋಡಿಸಿ ಇಡುತ್ತಿದ್ದೆ. ಬಹಳ ಅಚ್ಚುಕಟ್ಟು. ತಪಾಸಣೆಗೆ ಬಂದವರು ನಮ್ಮ ಫಾರಂಗಳನ್ನು ಬೇರೆ ಸೆಂಟರಿನವರಿಗೆ ತೋರಿಸಲೆಂದು ಫೋಟೋ ತೆಗೆದುಕೊಂಡು ಹೋದರು.

ಚಿಗಟೇರಿ ಕಡೆಯ ಒಬ್ಬ ಕುರಿಗಾಹಿಯನ್ನು ಇಲ್ಲಿ ನೆನೆಯಬೇಕು. ಸುಸ್ತು ಎಂದು ಡಾಕ್ಟರ ಬಳಿ ಹೋಗಿದ್ದ. ಬೆಳಗಿನ ಕಾರ್ಟಿಸಾಲ್ ಕಡಿಮೆ ಬಂತು. ಮತ್ತೆ ತೆಗೆದೆವು, ಮತ್ತೆ ಕಡಿಮೆ. ಡಾಕ್ಟರು ದೊಡ್ಡಾಸ್ಪತ್ರೆಗೆ ಬರೆದುಕೊಡಲು ಪೆನ್ನು ತೆಗೆದರಂತೆ. ಮೂರನೆಯ ಸಲ ಬಂದವನು ನನ್ನ ಬೆಂಚಿನ ಮೇಲೆ ಕಂಬಳಿ ಹೊದ್ದು ಗೊರಕೆ ಹೊಡೆಯತೊಡಗಿದ. ಎಬ್ಬಿಸಿದೆ.

"ಹಗಲೊತ್ತಿನ್ಯಾಗ ಏನಪ್ಪಾ ಇಷ್ಟು ನಿದ್ದಿ?"

"ನಾ ಮಲಗೋದ ಹಗಲಾಗ್ರಿ ಅಮ್ಮ. ರಾತ್ರಿ ಹಟ್ಟಿ ಕಾಯ್ಬೇಕು, ತ್ವಾಳ ಬರ್ತಾವು. ನನಗ ಬೆಳಕು ಹರಿಯೋದು ಸಂಜಿಗೆ."

"ಮತ್ತ ಇಷ್ಟು ದಿನ ಹೇಳ್ಬಾರ್ದಾ?"

"ಕೇಳಿದ್ರ ಹೇಳ್ತಿದ್ದೆ."

ಅವನ ದೇಹದ ಗಡಿಯಾರ ಅವನ ಕುರಿಗಳ ಪ್ರಕಾರ ಸರಿಯಾಗಿಯೇ ನಡೆಯುತ್ತಿತ್ತು. ನಿಂತಿದ್ದದ್ದು ನಮ್ಮದು. ಡಾಕ್ಟರಿಗೆ ಹೇಳಿದೆ, ನಕ್ಕರು, ಬೇರೆ ಹೊತ್ತಿನಲ್ಲಿ ತೆಗೆಸಿದರು, ಸರಿ ಬಂತು. 'ಕೇಳಿದ್ರ ಹೇಳ್ತಿದ್ದೆ' ಎಂಬ ಮಾತನ್ನು ನಾನು ಲ್ಯಾಬಿನ ಗೋಡೆಯ ಮೇಲೆ ಬರೆಸಬೇಕಿತ್ತು. ಅಲ್ಲಿ ಆಗಲೇ 'ನಗುನಗುತ್ತಾ ಸೇವೆ' ಎಂಬ ಬೋರ್ಡು ಇತ್ತು.

ಕೂಡ್ಲಿಗಿಯ ಶಿಬಿರವನ್ನು ಹೇಳದಿದ್ದರೆ ನನ್ನ ಸೇವಾವಧಿಗೆ ಅನ್ಯಾಯ. ಒಂದು ಕಚೇರಿಯ ನೌಕರರಿಗೆಲ್ಲ ಒತ್ತಡ ಪರೀಕ್ಷೆ ಎಂದು ಕಂಪನಿ ಬ್ಯಾನರು ಕಟ್ಟಿತು. ಅಧಿಕಾರಿಗಳು ಉದ್ಘಾಟನೆಗೆ ಹನ್ನೊಂದೂವರೆಗೆ ಬಂದರು. ಅವರು ಒತ್ತಡ ನಿವಾರಣೆಯ ಬಗ್ಗೆ ಒಂದು ಗಂಟೆ ಮಾತಾಡಿದರು. ನೌಕರರು ಗಡಿಯಾರ ನೋಡುತ್ತ ಕೂತಿದ್ದರು. ರಕ್ತ ತೆಗೆದು ಮುಗಿಸುವಾಗ ಮಧ್ಯಾಹ್ನ ಮೂರು. ಎಲ್ಲ ಫಾರಂ ಮೇಲೂ ಬೆಳಿಗ್ಗೆ ಎಂಟು. ಮಧ್ಯಾಹ್ನದ ರಕ್ತವನ್ನು ಬೆಳಗಿನ ಅಳತೆಯಲ್ಲಿ ನೋಡಿದರೆ ಏನಾಗಬೇಕೋ ಅದಾಯಿತು. ಮುಕ್ಕಾಲು ಕಚೇರಿಗೆ ಕಾರ್ಟಿಸಾಲ್ ಕಡಿಮೆ. ಅಧಿಕಾರಿಗಳು ರಿಪೋರ್ಟಿನ ಕಟ್ಟು ಮುಂದಿಟ್ಟುಕೊಂಡು ವೀರಣ್ಣನವರನ್ನು ಕರೆಸಿದರು.

"ನಮ್ಮವ್ರಿಗೆ ಟೆನ್ಷನ್ನೇ ಇಲ್ಲ ಅಂದ್ರ ಏನ್ರೀ ಅರ್ಥ? ಕೆಲಸಾನ ಮಾಡಂಗಿಲ್ಲ ಅಂತ ಅಲ್ಲೇನು?"

ನೌಕರರಿಗೆ ಅದಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು. ಇಷ್ಟು ವರ್ಷ ಈ ಸಾಹೇಬರ ಕೈಕೆಳಗೆ ದುಡಿದರೂ ಒತ್ತಡವಿಲ್ಲ ಎಂದರೆ ಅವಮಾನವಲ್ಲವೇ? ನಮ್ಮ ಪುಣ್ಯಕ್ಕೆ ಅವರಲ್ಲಿ ಯಾರೂ ಆ ರಿಪೋರ್ಟ್ ನಂಬಿ ಔಷಧಿ ತೆಗೆದುಕೊಳ್ಳಲಿಲ್ಲ. ನಾವೆಲ್ಲ ನಕ್ಕೆವು. ನಾನು ಅಕ್ಕನಿಗೆ ಹೇಳಿದಾಗ ಅವಳೂ ರೊಟ್ಟಿ ಬಡಿಯುವುದು ಬಿಟ್ಟು ನಕ್ಕಳು.

ಈಗ ಅಕ್ಕ.

ಹಾಲಮ್ಮ ಕೊಟ್ಟೂರಿನಲ್ಲಿ ಖಾನಾವಳಿ ನಡೆಸುತ್ತಿದ್ದಳು. ಗಂಡ ಬೇಗ ತೀರಿಕೊಂಡ. ಮಗ ಕೊಟ್ರೇಶನನ್ನೂ, ಅಪ್ಪ ಅವ್ವ ಇಲ್ಲದ ನನ್ನನ್ನೂ ಜೋಳದ ರೊಟ್ಟಿ ಬಡಿದೇ ಬೆಳೆಸಿದಳು. ನಾನು ಲ್ಯಾಬ್ ಕೋರ್ಸ್ ಓದಿದ್ದು ಅವಳ ರೊಟ್ಟಿಯಿಂದ. ಒಲೆಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಕೂತು ಅವಳ ಮಂಡಿ ಹಾಳಾದವು. ಸಂತೆಯ ದಿನ ಒಬ್ಬ ಮನುಷ್ಯ ಬಂದು ಮಂಡಿನೋವಿಗೆ ಕಾಗದದ ಪೊಟ್ಟಣ ಕೊಡುತ್ತಿದ್ದ. ಒಂದು ಪೊಟ್ಟಣದಲ್ಲಿ ಹಳದಿಯದೊಂದು, ಬಿಳಿಯದೊಂದು, ಹೆಸರುಕಾಳಿನಷ್ಟು ಸಣ್ಣದೊಂದು ಗುಳಿಗೆ. ನುಂಗಿದರೆ ಮುದುಕರು ಎದ್ದು ಓಡಾಡುತ್ತಿದ್ದರು. ಆ ಸಣ್ಣ ಗುಳಿಗೆ ಸ್ಟಿರಾಯ್ಡ್, ಎಂದರೆ ಕಾರ್ಟಿಸಾಲ್‌ನ ಅಣ್ಣತಮ್ಮ. ಹೊರಗಿನಿಂದ ದಿನಾ ಅದು ಸಿಗುತ್ತಿದ್ದರೆ ನಮ್ಮ ಒಳಗಿನ ಗ್ರಂಥಿ ಕೆಲಸ ಬಿಟ್ಟು ಮಲಗಿಬಿಡುತ್ತದೆ. ಆಮೇಲೆ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ಮಲಗಿದ್ದು ತಕ್ಷಣ ಏಳುವುದಿಲ್ಲ.

ಅವಳು ಅದನ್ನು ಎಷ್ಟು ವರ್ಷದಿಂದ ನುಂಗುತ್ತಿದ್ದಳೋ ನನಗೆ ಗೊತ್ತಿರಲಿಲ್ಲ. ಕಣ್ಣಿಗೆ ಮಾತ್ರ ಎಲ್ಲ ಕಾಣುತ್ತಿತ್ತು. ಅವಳ ಮುಖ ದುಂಡಗಾಗಿತ್ತು. "ತಂಗಿ ನೌಕರಿ ಮಾಡಾಕ ಹತ್ತಿದ್ಮ್ಯಾಗ ಹಾಲಮ್ಮನ ಮುಖಕ್ಕ ಕಳಿ ಬಂತು" ಎಂದು ಓಣಿಯವರು ಹೇಳಿದರೆ ನನಗೆ ಹೆಮ್ಮೆಯಾಗುತ್ತಿತ್ತು. ಮುಂಗೈ ಮೇಲೆ ನೇರಳೆ ಕಲೆಗಳಿದ್ದವು. "ಹಂಚು ತಾಗೈತಿ ಬಿಡು" ಎನ್ನುತ್ತಿದ್ದಳು. ನಾನು ಬಿಟ್ಟೆ. ಊರವರ ಒಂದು ಹನಿ ರಕ್ತದಲ್ಲಿ ಏನೆಲ್ಲ ಹುಡುಕುವವಳು, ಎದುರಿಗೆ ಕೂತು ಊಟಕ್ಕೆ ಬಡಿಸುವವಳ ಮುಖ ಓದಲಿಲ್ಲ.

ಒಂದೆರಡು ಸಂತೆಗೆ ಆ ಪೊಟ್ಟಣದವನು ಬರಲಿಲ್ಲ. ಅಕ್ಕನಿಗೆ ಬೆಳಿಗ್ಗೆ ಏಳಲು ಆಗದಷ್ಟು ನಿತ್ರಾಣ, ವಾಕರಿಕೆ. ಅದೇ ದಿನಗಳಲ್ಲಿ ಕೊಟ್ರೇಶ ಖಾನಾವಳಿಗೆ ರೊಟ್ಟಿ ಮಾಡುವ ಮಷಿನ್ ತಂದಿದ್ದ. ಅವ್ವನ ಮಂಡಿಗೆ ಆರಾಮಾಗಲಿ ಎಂದು ತಂದದ್ದು. ಅವಳು ಮಷಿನ್ನಿಗೆ ಒಂದು ಗೋಣಿಚೀಲ ಹೊದಿಸಿ, ಮಗನ ಜೊತೆ ಮಾತು ಬಿಟ್ಟಳು. "ಅದು ಬಡದ ರೊಟ್ಟಿ ತಿನ್ನೋರು ಅದರ ಹೊಟ್ಯಾಗ ಹುಟ್ಟಿರ್ಬೇಕು" ಎಂದು ಎಲ್ಲರ ಮುಂದೆ ಅಂದಳು. ನಾನು ಅವಳನ್ನು ನಮ್ಮ ಊರಿನ ಡಾಕ್ಟರಮ್ಮನಿಗೆ ತೋರಿಸಿದೆ. ಅವರು ಬಿಪಿ ಕಡಿಮೆ ಇದೆ ಎಂದು ನೋಡಿ, ಬೆಳಗಿನ ಕಾರ್ಟಿಸಾಲ್ ಬರೆದು, ಚೀಟಿಯ ಕೆಳಗೆ, ಸ್ಟಿರಾಯ್ಡ್ ಏನಾದರೂ ತಗೊಳ್ತಾರಾ ವಿಚಾರಿಸಿ, ಎಂದು ನನಗಾಗಿಯೇ ಬರೆದಿದ್ದರು. ನಾನು ಚೀಟಿಯನ್ನು ಓದಿದೆ. ಮನೆಯವಳಲ್ಲವೇ, ನನಗೆ ಗೊತ್ತಿಲ್ಲದ್ದು ಏನಿರುತ್ತದೆ ಎಂದುಕೊಂಡೆ.

ಮುಂದಿನ ವಾರ ಪೊಟ್ಟಣದವನು ಮತ್ತೆ ಬಂದ. ಅದರ ಮರುದಿನ ಅಕ್ಕ ಲ್ಯಾಬಿಗೆ ಬಂದಳು. ಒಂಬತ್ತು ನಲವತ್ತಾಗಿತ್ತು. ಗಾಡಿಯವನು ಹೊರಗೆ ಹಾರನ್ ಹೊಡೆಯುತ್ತಿದ್ದ.

"ಬಂದ್ಯಾ ಅಕ್ಕ? ಮಂಡಿ ಹೆಂಗದಾವು?"

"ಬಸ್ ಹತ್ತಿದ್ದು ನೋಡ್ಬೇಕಿತ್ತು ನೀನು, ಹದಿನಾರರ ಹುಡುಗಿ ಹತ್ತಿದಂಗ ಹತ್ತೀನಿ! ಊರ ಮಂದಿ ರಗತ ಎಲ್ಲಾ ಹೀರಿದಿ, ಈಗ ಒಡಹುಟ್ಟಿದಾಕಿ ಮ್ಯಾಗ ಬಂದ್ಯಾ? ತಗ ಲೇ ರತ್ನಿ, ಸ್ವಲ್ಪ ಉಳಸು."

ಹದಿನೈದು ದಿನದಿಂದ ಹಾಸಿಗೆ ಬಿಟ್ಟು ಏಳಲು ಒದ್ದಾಡುತ್ತಿದ್ದವಳು ಬಸ್ಸನ್ನು ಹೇಗೆ ಹತ್ತಿದಳು ಎಂದು ಕೇಳಲಿಲ್ಲ. ನನ್ನ ಲ್ಯಾಬಿನವರೆಗೆ ಬರಲು ಶಕ್ತಿ ಬೇಕೆಂದೇ ಅವಳು ಆವತ್ತು ಎದ್ದವಳೇ ಪೊಟ್ಟಣ ನುಂಗಿದ್ದಳು. ಒಂದೇ ಸಲಕ್ಕೆ ನರ ಸಿಕ್ಕಿತು. ಮೇಲಿನ ಫಾರಂ ತೆಗೆದೆ. ಬೆಳಿಗ್ಗೆ ಎಂಟು. ಔಷಧಿ ಇಲ್ಲ. ಕೆಳಗೆ ನನ್ನ ಸಹಿ.

ಆ ಸಣ್ಣ ಗುಳಿಗೆಯೂ ಕಾರ್ಟಿಸಾಲೂ ಎಷ್ಟು ಹೋಲುತ್ತವೆ ಎಂದರೆ, ನಮ್ಮಲ್ಲಿ ಬಳಸುವ ಯಂತ್ರಗಳು ಅದನ್ನೂ ಕಾರ್ಟಿಸಾಲ್ ಎಂದೇ ಎಣಿಸಿಬಿಡಬಹುದು. ಇದನ್ನು ಕಂಪನಿಯ ತರಬೇತಿಯಲ್ಲಿ ಹೇಳಿದ್ದರು. ನಾನು ಬರೆದುಕೊಂಡಿದ್ದೆ. ನೋಟ್‌ಬುಕ್ ಈಗಲೂ ಇದೆ, ಅಕ್ಷರ ಬಹಳ ದುಂಡಗಿದೆ. ರಿಪೋರ್ಟ್ ಸರಿಯಾಗಿದೆ ಎಂದು ಬಂತು. ಡಾಕ್ಟರಮ್ಮ ಫಾರಂ ನೋಡಿ, ರಿಪೋರ್ಟ್ ನೋಡಿ, "ಹಾಗಾದ್ರೆ ಅದಲ್ಲ. ಮನೆಯಲ್ಲೇನಾದ್ರೂ ಒತ್ತಡ ಇದೆಯಾ?" ಎಂದು ಕೇಳಿದರು. ನಾನು ಮಷಿನ್ ಕಥೆ ಹೇಳಿದೆ. ಕೊಟ್ರೇಶನಿಗೂ ಹೇಳಿದೆ: "ಅವ್ವಗ ಟೆನ್ಷನ್ ಕೊಡಬ್ಯಾಡಪ್ಪ." ಅಷ್ಟು ಹೊತ್ತಿಗೆ ಲ್ಯಾಬಿನವಳಾದ ನಾನು ಡಾಕ್ಟರೂ ಆಗಿದ್ದೆ.

ಮೂರು ವಾರದ ಮೇಲೆ ಕೊಟ್ಟೂರಿಗೆ ಹೋದಾಗ ಅಕ್ಕನ ಎಲೆಅಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿ ಹುಡುಕುತ್ತ ಪೊಟ್ಟಣಗಳು ಕೈಗೆ ಬಂದವು. ಬಿಚ್ಚಿ ನೋಡಿದೆ. ಸಣ್ಣ ಗುಳಿಗೆಯ ಗುರುತು ಸಿಕ್ಕಿತು. ಸಿಟ್ಟು ನೆತ್ತಿಗೇರಿತು.

"ಏನಕ್ಕಾ ಇದು? ಔಷಧಿ ಇಲ್ಲ ಅಂದಿದ್ದೆಲ್ಲ!"

"ಯಾವಾಗ ಕೇಳಿದಿ ನೀ? ಮತ್ತ ಅದೇನು ಔಷಧೇನ? ಔಷಧಿ ಅಂದ್ರ ಜಡ್ಡಿಗೆ ತಗಳೋದು. ಇದು ಮಂಡಿ ಗುಳಿಗಿ."

"ಇದು ವಿಷ. ಮೂಳಿ ತಿಂತೈತಿ. ಇವತ್ತಿಂದ ಒಂದೂ ಮುಟ್ಟಂಗಿಲ್ಲ."

"ಮತ್ತ ರೊಟ್ಟಿ ನೀ ಬಂದು ಬಡೀತಿಯೇನು?"

ಅಷ್ಟೂ ಪೊಟ್ಟಣಗಳನ್ನು ಒಯ್ದು ಚರಂಡಿಗೆ ಎಸೆದು ಬಂದೆ. ಮುಟ್ಟುವುದಿಲ್ಲ ಎಂದು ನನ್ನ ಆಣೆ ಹಾಕಿಸಿಕೊಂಡೆ. ಒಮ್ಮೆಲೇ ನಿಲ್ಲಿಸಬಾರದು ಎಂಬುದೂ ಆ ದುಂಡಕ್ಷರದ ನೋಟ್‌ಬುಕ್ಕಿನಲ್ಲಿತ್ತು. ಆದರೆ ಅವಳ ಗ್ರಂಥಿ ಸರಿ ಇದೆ ಎಂದು ರಿಪೋರ್ಟ್ ಹೇಳಿತ್ತಲ್ಲ, ನನ್ನದೇ ರಿಪೋರ್ಟ್! ಅಕ್ಕ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಒಂದೂ ಮುಟ್ಟಲಿಲ್ಲ.

ಹನ್ನೆರಡನೆಯ ದಿನ ಜ್ವರ ಬಂತು, ವಾಂತಿ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಕೊಟ್ರೇಶ ದೊಡ್ಡ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ನಾನು ಫೈಲು ಹಿಡಿದು ಅಲ್ಲಿಗೇ ಬಂದೆ. ಡಾಕ್ಟರು ಬೀಳುತ್ತಿರುವ ಬಿಪಿಯನ್ನು ನೋಡುತ್ತಲೇ ಕೇಳಿದರು: "ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಾ?"

"ಇಲ್ಲ ಸರ್" ಎಂದೆ.

ಇಷ್ಟು ವರ್ಷ ಸೀಲು ಹೊಡೆದ ಕೈಯಷ್ಟೇ ಅಲ್ಲ, ನಾಲಿಗೆಯೂ ಸೀಲಾಗಿತ್ತು. ಚರಂಡಿಗೆ ಎಸೆದದ್ದು ನೆನಪಾಗಲಿಲ್ಲ ಎಂದಲ್ಲ. ಈಗ ತೆಗೆದುಕೊಳ್ಳುತ್ತಿಲ್ಲವಲ್ಲ, ನಿಜವನ್ನೇ ಹೇಳಿದೆ ಎಂದುಕೊಂಡೆ. ಸಾಲದ್ದಕ್ಕೆ, "ನಾನೂ ಲ್ಯಾಬಿನವಳೇ ಸರ್" ಎಂದು ಕಾರ್ಟಿಸಾಲ್ ರಿಪೋರ್ಟನ್ನು ಮುಂದೆ ಹಿಡಿದೆ. ಅವರು ನೋಡಿದರು, ನಂಬಿದರು, ಬೇರೆ ಕಾರಣ ಹುಡುಕತೊಡಗಿದರು. ಸಂಜೆ ಐದರ ಸುಮಾರಿಗೆ ನರ್ಸ್ ಒಂದು ಕಾಗದಕ್ಕೆ ಸಹಿ ಕೇಳಿದಳು. ಅದರಲ್ಲಿ ನನ್ನ ಮಾತು ಅವಳ ಕೈಬರಹದಲ್ಲಿತ್ತು: ಔಷಧಿ, ಇಲ್ಲ. ಆ ಎರಡು ಪದಗಳನ್ನು ನಾನು ಸೀಲಿನಲ್ಲಲ್ಲದೆ ಕೈಬರಹದಲ್ಲಿ ಓದಿ ಎಷ್ಟೋ ಕಾಲವಾಗಿತ್ತು. ಓಡಿಹೋಗಿ ಡಾಕ್ಟರಿಗೆ ಪೊಟ್ಟಣದ ಕಥೆ ಹೇಳಿದೆ. ಅವರು ಒಂದು ನಿಮಿಷವೂ ತಡಮಾಡದೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರು. ತಡವೆಲ್ಲ ಅದಕ್ಕಿಂತ ಮುಂಚೆ ಆಗಿಹೋಗಿತ್ತು, ನನ್ನಿಂದ.

ಅಕ್ಕ ತೀರಿಕೊಂಡ ವೇಳೆ ಆರು ಹತ್ತು ಎಂದು ಬರೆದರು. ಗಡಿಯಾರ ನೋಡಿ ಬರೆದರು.

ಮಣ್ಣಿಗೆ ಬಂದವರೆಲ್ಲ, "ನೀ ಲ್ಯಾಬಿನಾಕಿ ಇದ್ದಿ ಅಂತ ಎಲ್ಲಾ ಟೆಸ್ಟು ಮಾಡ್ಸಿದಿ, ಅಕಿ ಆಯಸ್ಸು ಅಷ್ಟ ಇತ್ತು" ಎಂದು ನನ್ನ ಬೆನ್ನು ಸವರಿದರು. ಕೊಟ್ರೇಶ ಮೂಲೆಯಲ್ಲಿ ಮಷಿನ್ನಿನ ಪಕ್ಕ ಕೂತು, "ನನ್ ಟೆನ್ಷನ್ನಾಗ ಹೋದ್ಲು" ಎಂದು ಅಳುತ್ತಿದ್ದ. ನಾನು ಅವನನ್ನು ತಬ್ಬಿಕೊಂಡೆ. ತಿದ್ದಲಿಲ್ಲ. ಮುಂದಿನ ವರ್ಷ ಲ್ಯಾಬಿನಲ್ಲಿ ಬೀಳ್ಕೊಡುಗೆ ಮಾಡಿದರು. ಶಾಲು ಹೊದಿಸಿ, ಒಂದೂ ತಪ್ಪು ರಿಪೋರ್ಟ್ ಕೊಡದ ನಾಗರತ್ನಮ್ಮ ಎಂದು ವೀರಣ್ಣನವರು ಭಾಷಣ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಅಭ್ಯಾಸ.

ಹೋದ ತಿಂಗಳು ಕೊಟ್ಟೂರಿಗೆ ಹೋದೆ. ಬೆಳಗಿನ ಗಿರಾಕಿಗಳು ಇನ್ನೂ ಬಂದಿರಲಿಲ್ಲ. ಕೊಟ್ರೇಶ ಉಳ್ಳಾಗಡ್ಡಿ ಹೆಚ್ಚುತ್ತಿದ್ದ. ಮಷಿನ್ನಿನ ಮೇಲೆ ಅಕ್ಕ ಹೊದಿಸಿದ ಗೋಣಿಚೀಲ ಹಾಗೇ ಇತ್ತು. ರೊಟ್ಟಿಯನ್ನು ಈಗ ಅವನೇ ಬಡಿಯುತ್ತಾನೆ. ಎದುರಿಗೆ ಕೂತು ಎಲ್ಲ ಹೇಳಿದೆ. ಫಾರಂ, ಪೊಟ್ಟಣ, ಚರಂಡಿ, ಆಸ್ಪತ್ರೆಯಲ್ಲಿ ಅಂದ 'ಇಲ್ಲ'. ಅವನ ಕೈ ನಿಂತಿತು.

"ಹಂಗಾರ ಮಷಿನ್ನಿಂದ ಅಲ್ಲ."

"ಅಲ್ಲಪ್ಪ."

"ಎರಡು ವರ್ಷ ಚಿಗವ್ವ. ಎರಡು ವರ್ಷ ನಾ ಅದರ ಮ್ಯಾಗಿನ ಚೀಲ ತಗದಿಲ್ಲ. ನಿನಗ ಗೊತ್ತಿತ್ತು."

"ಗೊತ್ತಿತ್ತು."

ಅವನು ಎದ್ದ. ಎದ್ದ ರೀತಿಯಲ್ಲೇ ನನಗೆ ಏನೋ ತಿಳಿಯಿತು; ಸೊಂಟಕ್ಕೆ ಕೈಕೊಟ್ಟು, ಗೋಡೆ ಹಿಡಿದು ಎದ್ದ. ಮುಖ ನೋಡಿದೆ. ಈ ಸಲ ನೋಡಿದೆ. ದುಂಡಗಾಗಿತ್ತು.

"ಕೊಟ್ರಾ, ನೀನೂ ಪೊಟ್ಟಣ ತಗಂತಿಯೇನು?"

ಅವನು ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣ ತೆಗೆದ. ಅದನ್ನೂ ನನ್ನನ್ನೂ ನೋಡಿ, ಅದನ್ನು ಒಲೆಗೆ ಹಾಕಲು ಬಾಗಿದ. ನಾನು ಎರಡೂ ಕೈಯಿಂದ ಅವನ ರಟ್ಟೆ ಹಿಡಿದುಕೊಂಡೆ.

"ಒಗೀಬ್ಯಾಡ! ಕೈ ಮುಗೀತೀನಿ, ಒಗೀಬ್ಯಾಡ. ಡಾಕ್ಟರಮ್ಮ ಹೇಳೋತನ ತಗಾ. ಒಮ್ಮಿಗೇ ಬಿಡಬ್ಯಾಡ."

ಅವನು ಕೈ ಕೊಡವಿಕೊಂಡ. ಆದರೆ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡ.

ಅದೇ ವಾರ ನಾನೇ ಹೋಗಿ ಕರೆದೆ, ಡಾಕ್ಟರಮ್ಮನ ಬಳಿಗೆ ಬಂದ. ಬಸ್ಸಿನಲ್ಲಿ ನನ್ನ ಪಕ್ಕ ಜಾಗವಿದ್ದರೂ ಹಿಂದಿನ ಸೀಟಿನಲ್ಲಿ ಕೂತ. ಡಾಕ್ಟರಮ್ಮನಿಗೆ ಈ ಸಲ ಎಲ್ಲವನ್ನೂ ಹೇಳಿದೆ, ಅಕ್ಕನದನ್ನೂ. ಅವರು ಎಲ್ಲವನ್ನೂ ಬರೆದುಕೊಂಡರು. ಆಮೇಲೆ ಗುಳಿಗೆಗಳನ್ನು ಹೇಗೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಬೇಕು, ಯಾವ ದಿನ ಯಾವುದನ್ನು ನುಂಗದೆ ರಕ್ತ ಕೊಡಬೇಕು ಎಂದು ಬರೆದುಕೊಟ್ಟರು. ಆ ದಿನ ಬೆಳಗಿನ ಬಸ್ಸಿಗೆ ಭರವಸೆಯಿಲ್ಲವೆಂದು, ಕೊಟ್ರೇಶ ಹಿಂದಿನ ದಿನವೇ ಬಂದು ನಮ್ಮ ಮನೆಯಲ್ಲಿ ಉಳಿದ. ಬಡಿಸಿದ್ದನ್ನು ಉಂಡ, ತಟ್ಟೆಯನ್ನು ತಾನೇ ತೊಳೆದಿಟ್ಟ.

ಲ್ಯಾಬಿನಲ್ಲಿ ಹೊಸ ಹುಡುಗಿ ಅವನನ್ನು ಅರ್ಧ ಗಂಟೆ ಕೂರಿಸಿದಳು, ನಾನು ಹೇಳಿದ್ದೆ. ಜೋಡಿಸಿಟ್ಟ ಫಾರಂಗಳ ಮೇಲೆ ಸೀಲು ಆಗಲೇ ಬಿದ್ದಿತ್ತು. ಕೆಳಗಿನಿಂದ ಖಾಲಿ ಫಾರಂ ಒಂದನ್ನು ಎಳೆದುಕೊಂಡೆ. ಸೂಜಿ ಅವಳದು, ಪೆನ್ನು ನನ್ನದು. ಗಡಿಯಾರ ನೋಡಿದೆ, ಎಂಟು ಹದಿನೇಳು ಎಂದು ಬರೆದೆ.

ಕೊಟ್ರೇಶ ತೋಳು ಮುಂದೆ ಚಾಚಿ, ಮುಖವನ್ನು ಆಚೆ ತಿರುಗಿಸಿದ. ಸೂಜಿ ಕಂಡರೆ ಮುಖ ತಿರುಗಿಸುವವರು ಬಹಳ ಜನ ಇರುತ್ತಾರೆ. ಅವನು ಅದಕ್ಕೇ ತಿರುಗಿಸಿದನೋ, ನನ್ನನ್ನು ನೋಡಬಾರದೆಂದು ತಿರುಗಿಸಿದನೋ, ನಾನು ಕೇಳಲಿಲ್ಲ. ಮುಂದಿನ ಕಾಲಂಗೆ ಏನು ಬೇಕೋ ಅಷ್ಟು ಕೇಳಿದೆ.

"ಇವತ್ತು, ನಿನ್ನಿ, ಹೋದ ವಾರ, ಏನೇನು ನುಂಗಿದಿ ಹೇಳಪ್ಪ. ಔಷಧಿ ಅಲ್ಲ ಅಂತ ಅನಿಸಿದ್ದನ್ನೂ ಹೇಳು."

ಅವನು ಗೋಡೆ ನೋಡುತ್ತಲೇ ಒಂದೊಂದಾಗಿ ಹೇಳತೊಡಗಿದ. ನಾನು ಬರೆಯುತ್ತ ಹೋದೆ. ಕಾಲಂ ಸಾಲಲಿಲ್ಲ, ಹಾಳೆಯ ಹಿಂಬದಿಗೂ ಬರೆದೆ.